ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳೋರು ಓದಿ: ಬರೀ 'ವೆಲ್‌ಕಮ್' ಪರದೆ ನೋಡಿ ದುಡ್ಡು ಕೊಡಬೇಡಿ

ಹಳೇ ಫೋನ್ ತರಲು ಹೊರಟವರು ಇದನ್ನು ಓದಿ ಆಮೇಲೆ ಹೋಗಿ. ನನ್ನ ದುಡ್ಡು ಹೋಯಿತು, ವಾಪಸ್ ಬರುವುದಿಲ್ಲ. ಫೋನೇನೋ ಕೈಯಲ್ಲಿದೆ, ತೆರೆಯಲು ಬರುವುದಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದೇ ಆಟ ಇನ್ನೊಬ್ಬರ ಮೇಲೆ ನಡೆಯಬಾರದು.

ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಬೆಲೆ ತೀರಾ ಅಗ್ಗವಲ್ಲ, ಮುಂಗಡ ಕೇಳಲಿಲ್ಲ, ಲಿಂಕ್ ಕಳಿಸಲಿಲ್ಲ, ಜಾಹೀರಾತು ಹಾಕಿದ್ದವನು ಎದುರಿಗೇ ಬಂದು ಫೋನ್ ಕೈಗಿಟ್ಟ. ಮುಂಗಡ ಕೇಳುವವರಿಂದ ದೂರ ಇರಬೇಕು ಅಂತ ಎಲ್ಲರಿಗೂ ಗೊತ್ತು. ಎದುರು ನಿಂತೇ ಮೋಸ ಮಾಡುವವನ ಬಗ್ಗೆ ಯಾರೂ ಹೇಳುವುದಿಲ್ಲ. ಆನ್ ಮಾಡಿದರೆ ಹೊಸ ಫೋನಿನ ಹಾಗೆ ಭಾಷೆ ಆರಿಸುವ ಪರದೆ. "ನನ್ನ ಡೇಟಾ ಎಲ್ಲಾ ಅಳಿಸಿದ್ದೀನಿ ಸರ್, ನೀವೇ ಫ್ರೆಶ್ ಆಗಿ ಸೆಟಪ್ ಮಾಡ್ಕೊಳ್ಳಿ" ಅಂದ. ಎಷ್ಟು ಸಭ್ಯವಾಗಿ ಕೇಳುತ್ತದೆ ನೋಡಿ ಈ ಮಾತು! ಮೋಸ ಇರುವುದೇ ಇದರಲ್ಲಿ.

ಆಂಡ್ರಾಯ್ಡ್ ಫೋನ್ ಅಳಿಸುವುದಕ್ಕೆ ಎರಡು ದಾರಿ. ಸೆಟ್ಟಿಂಗ್ಸ್ ಒಳಗಿಂದ ರೀಸೆಟ್ ಮಾಡಿದರೆ ಪಿನ್ ಕೇಳುತ್ತದೆ, ಡೇಟಾ ಜೊತೆಗೆ ಗೂಗಲ್ ಖಾತೆಯ ಬೀಗವೂ ಹೋಗುತ್ತದೆ. ಪಿನ್ ಗೊತ್ತಿಲ್ಲದವನು, ಅಂದರೆ ಕದ್ದವನೋ ಬಿದ್ದು ಸಿಕ್ಕಿದ್ದನ್ನು ಎತ್ತಿಕೊಂಡವನೋ, ಪವರ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ರಿಕವರಿ ಮೋಡ್‌ನಿಂದ ಅಳಿಸುತ್ತಾನೆ. ಆಗ ಫೋಟೋ, ನಂಬರ್ ಎಲ್ಲ ಹೋಗುತ್ತದೆ, ಖಾತೆಯ ಬೀಗ ಮಾತ್ರ ಹಾಗೇ ಉಳಿಯುತ್ತದೆ. ಎಫ್‌ಆರ್‌ಪಿ (ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್) ಅನ್ನುವುದು ಈ ಬೀಗಕ್ಕೇ, ಹಳೇ ಮಾಲೀಕನ ಖಾತೆಯೋ ಪಿನ್ನೋ ಇಲ್ಲದೆ ಫೋನ್ ತೆರೆಯದು. 2015ರ ಆಂಡ್ರಾಯ್ಡ್ 5.1ರಿಂದಲೂ ಇದೆ. ಐಫೋನಿನಲ್ಲಿ 2013ರ ಐಓಎಸ್ 7ರಿಂದ ಇಂಥದ್ದೇ ಬೀಗ ಇದೆ, ಅದಕ್ಕೆ ಆಕ್ಟಿವೇಶನ್ ಲಾಕ್ ಅನ್ನುತ್ತಾರೆ. ಆಂಡ್ರಾಯ್ಡ್‌ನಲ್ಲಿ ಬೀಗ ಇರುವ ಫೋನಾಗಲಿ, ಇಲ್ಲದ ಫೋನಾಗಲಿ, ಮೊದಲ ಪರದೆ ಸಾಮಾನ್ಯವಾಗಿ ಒಂದೇ ಥರ. ನೆಟ್‌ಗೆ ಸೇರಿಸಿ ಮುಂದೆ ಹೋದ ಮೇಲೇ ಬಣ್ಣ ಬಯಲಾಗುವುದು.

ಮನೆಗೆ ತಂದು ವೈಫೈ ಕೊಟ್ಟಾಗ ಬಯಲಾಯಿತು. ಒಂದು ನಿಮಿಷ 'ಅಪ್‌ಡೇಟ್ ನೋಡುತ್ತಿದೆ' ಅಂದಿತು. ಆಮೇಲೆ: ಫೋನ್ ರೀಸೆಟ್ ಆಗಿದೆ, ಮೊದಲು ಇದರಲ್ಲಿದ್ದ ಖಾತೆಯಿಂದ ಲಾಗಿನ್ ಆಗಿ. ಯಾವುದೋ ಖಾತೆ ಕೇಳುತ್ತಿದೆ ಅಂದುಕೊಂಡು ಸ್ವಂತದ್ದು ಹಾಕಿದರೆ ಒಪ್ಪಲಿಲ್ಲ. ಇನ್ನೊಮ್ಮೆ ಹಾಕಿದರೂ ಇಲ್ಲ. ಆಫ್ ಮಾಡಿ ಆನ್ ಮಾಡಿದರೂ ಅದೇ ಪರದೆ. ಎದೆ ಧಸಕ್ಕೆಂದಿದ್ದು ಆಗಲೇ.

ಮಾರಿದವನಿಗೆ ಮೆಸೇಜ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಕೊಡುತ್ತಿದ್ದೇನೆ, ಎಲ್ಲಾದರೂ ಕೇಳಿದರೆ ಗುರುತು ಸಿಗಲಿ. ಮೊದಲು: "ಓ ಅದು ನನ್ನ ಹಳೇ ಜಿಮೇಲ್ ಸರ್, ಪಾಸ್‌ವರ್ಡ್ ಮರೆತಿದೆ, ಚೇಂಜ್ ಮಾಡಿ ಕಳಿಸ್ತೀನಿ." ಸಂಜೆ: "ಚೇಂಜ್ ಮಾಡಿದೆ, ಆದ್ರೆ 24 ಗಂಟೆ ಕಾಯ್ಬೇಕಂತೆ." ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ನಂಬಿಕೆ ಬರುವುದು. ಪಾಸ್‌ವರ್ಡ್ ಬದಲಿಸಿದ ಮೇಲೆ ರೀಸೆಟ್ ಮಾಡಲು 24 ಗಂಟೆ ಕಾಯಿರಿ ಅಂತ ಗೂಗಲ್ಲೇ ಹೇಳುತ್ತದೆ. "ಸರಿ, ಇಮೇಲ್ ವಿಳಾಸವಾದರೂ ಕಳಿಸಿ" ಅಂದರೆ ಓದಿ ಸುಮ್ಮನಾದ. ಅವನದ್ದೇ ಖಾತೆಯಾಗಿದ್ದರೆ ವಿಳಾಸ ಬರೆಯಲು ಎಷ್ಟು ಹೊತ್ತು? ಮರುದಿನ: "ನಾನು ಕೊಡುವಾಗ ಸರಿಯಾಗೇ ಇತ್ತು, ನೀವೇ ಏನೋ ಮಾಡಿದ್ದೀರಿ." ಕೊನೆಗೆ: "ಯಾವ್ದಾದ್ರೂ ಮೊಬೈಲ್ ಅಂಗಡೀಲಿ ಕೊಡಿ, ಐದು ನಿಮಿಷದ ಕೆಲಸ." ಐದು ನಿಮಿಷದ ಕೆಲಸ! ಗೊತ್ತಿದ್ದೇ ಕೊಟ್ಟಿದ್ದಾನೆ ಅನ್ನುವುದಕ್ಕೆ ಇನ್ನೇನು ಬೇಕು? ಅಷ್ಟರಲ್ಲಿ ಬ್ಲಾಕ್. ಜಾಹೀರಾತೂ ಇಲ್ಲ, ಪ್ರೊಫೈಲೂ ಇಲ್ಲ.

ಹೋಗುವಾಗ ನಿಮ್ಮ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಇರಲಿ. ನೆಟ್ ಕೊಟ್ಟು, ನಿಮ್ಮ ಖಾತೆ ಹಾಕಿ, ಹೋಮ್ ಸ್ಕ್ರೀನ್ ಬರುವವರೆಗೂ ಅಲ್ಲೇ ಸೆಟಪ್ ಮುಗಿಸಿ. ಸಿಮ್ ಹಾಕಿ ಒಂದು ಕರೆ ಮಾಡಿ. ದುಡ್ಡು ಆಮೇಲೆ. "ನಂಗೆ ಲೇಟಾಗ್ತಿದೆ" ಅಂದರೆ ಫೋನ್ ಅವನ ಕೈಗೆ ಕೊಟ್ಟು ಬನ್ನಿ. ಸೆಟಪ್ ನಡುವೆ 'ರಿಮೋಟ್ ಮ್ಯಾನೇಜ್‌ಮೆಂಟ್' ಅಂತ ಬಂದರೆ ಅದು ಯಾವುದೋ ಸಂಸ್ಥೆಯ ಹಿಡಿತದಲ್ಲಿರುವ ಫೋನ್, ಬೇಡವೇ ಬೇಡ.

ಮೊದಲೇ ತೆರೆದುಕೊಂಡಿರುವ ಫೋನ್ ತೋರಿಸಿದರೆ? ಅದೂ ಸಾಲದು. ಅವನ ಖಾತೆ ಇರುವ ಐಫೋನನ್ನು ಹಾಗೇ ತಂದರೆ, ಕಳೆದುಹೋಗಿದೆ ಅಂತ ದೂರದಿಂದಲೇ ಲಾಕ್ ಮಾಡಿ ಮತ್ತೆ ದುಡ್ಡು ಕೇಳಬಹುದು. ನಿಮ್ಮ ಕಣ್ಣೆದುರೇ 'ಫೈಂಡ್ ಮೈ' (ಕಳೆದ ಫೋನ್ ಹುಡುಕುವ ಸೌಲಭ್ಯ) ಆಫ್ ಮಾಡಿ, ಆಪಲ್ ಪಾಸ್‌ವರ್ಡ್ ಹಾಕಿ ಸೈನ್ ಔಟ್ ಆಗಲಿ, ಆಮೇಲೆ ಅಳಿಸಲಿ. ಆಂಡ್ರಾಯ್ಡ್ ಆದರೆ ಖಾತೆ ತೆಗೆದು, ಸೆಟ್ಟಿಂಗ್ಸ್‌ನಿಂದಲೇ ಪಿನ್ ಹಾಕಿ ರೀಸೆಟ್ ಮಾಡಲಿ. ಪಿನ್ ಹಾಕುವಾಗ ತಡವರಿಸಿದರೆ ಅಲ್ಲಿಗೇ ಬಿಡಿ.

*#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ, ಎರಡು ಸಿಮ್‌ನ ಫೋನಾದರೆ ಎರಡು ಬರುತ್ತವೆ. ಬಾಕ್ಸ್ ಮತ್ತು ಬಿಲ್ ಜೊತೆ ತಾಳೆ ನೋಡಿ. ಬಿಲ್ ಇಲ್ಲದಿದ್ದರೆ ನಾನಂತೂ ಇನ್ನು ಮುಟ್ಟುವುದಿಲ್ಲ. ಆಕ್ಟಿವೇಶನ್ ಲಾಕ್ ತೆಗೆಸಲು ಹೋದರೆ ಆಪಲ್ ಕೇಳುವುದೂ ಮೂಲ ಬಿಲ್ಲನ್ನೇ. ಐಎಂಇಐ ಇವತ್ತು ಸರಿಯಿದೆ ಅಂತ ನೆಮ್ಮದಿ ಬೇಡ. ಮಾರಿದ ಮೇಲೆ ಕಳುವಾಯಿತು ಅಂತ ದೂರು ಕೊಟ್ಟರೆ ಆಮೇಲೂ ನೆಟ್‌ವರ್ಕ್ ಬ್ಲಾಕ್ ಆಗಬಹುದು.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಮತ್ತೆ ಮತ್ತೆ ರೀಸೆಟ್ ಮಾಡಬೇಡಿ, ಏನೂ ಆಗುವುದಿಲ್ಲ. 'ಅನ್‌ಲಾಕ್ ಮಾಡಿಕೊಡ್ತೀವಿ, ಮೊದಲು ಫೀಸ್ ಹಾಕಿ' ಅನ್ನುವವರಿಗೆ ಎರಡನೇ ಸಲ ದುಡ್ಡು ಕಳೆದುಕೊಳ್ಳಬೇಡಿ. ಕದ್ದ ಮಾಲು ಇರಬಹುದು, ಐಎಂಇಐ ಸಮೇತ ಪೊಲೀಸರಿಗೆ ದೂರು ಕೊಡಿ, ಇನ್ನೊಬ್ಬರಿಗೆ ದಾಟಿಸಬೇಡಿ. ಜಾಹೀರಾತು, ಪ್ರೊಫೈಲ್, ಚಾಟ್ ಎಲ್ಲದರ ಸ್ಕ್ರೀನ್‌ಶಾಟ್ ಫೋನ್ ನೋಡಲು ಹೊರಡುವ ಮೊದಲೇ ತೆಗೆದಿಡಿ. ನಾನು ಅದೊಂದು ಮಾಡದೇ ಹೋಗಿ, ದೂರು ಕೊಡುವಾಗ ತೋರಿಸಲು ನಾಲ್ಕು ಮೆಸೇಜ್ ಬಿಟ್ಟು ಏನೂ ಇರಲಿಲ್ಲ.