ಪ್ರವೇಶ ಸಂದರ್ಶನದ ತಯಾರಿ: ಉರು ಹೊಡೆಯುವುದೋ, ಬಾಯಿಬಿಟ್ಟು ಬಿಡಿಸುವುದೋ?

ವಿಶ್ವವಿದ್ಯಾಲಯದ ಪ್ರವೇಶ ಸಂದರ್ಶನದಲ್ಲಿ ವಿಷಯದ ಮೇಲೆ ಕೇಳುವ ಮೊದಲ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ಏನಾದರೊಂದು ಹೇಳುತ್ತಾರೆ. ಕಷ್ಟ ಶುರುವಾಗುವುದು ಎರಡನೆಯದರಿಂದ. ‘ಸರಿ, ಇದೊಂದನ್ನು ಬದಲಿಸಿದರೆ ಏನಾಗುತ್ತೆ?’ ಎಂದು ಎದುರಿಗೆ ಕೂತವರು ಕೇಳಿದಾಗ ಕಲಿತುಕೊಂಡು ಬಂದ ಉತ್ತರ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ತಯಾರಿಯ ದಾರಿಗಳನ್ನೆಲ್ಲ ಇಲ್ಲಿ ಒಂದೇ ಅಳತೆಗೋಲಿನಲ್ಲಿ ಅಳೆದಿದ್ದೇವೆ: ಮರುಪ್ರಶ್ನೆ ಬಂದಾಗ ಯಾವುದು ಕೈಹಿಡಿಯುತ್ತದೆ?

ಪ್ರಶ್ನೆಕೋಶ

ಹಳೆಯ ಪ್ರಶ್ನೆಗಳ ಪಟ್ಟಿ ಸುಲಭವಾಗಿ ಸಿಗುತ್ತದೆ, ಓದುವಾಗ ಏನೋ ಸಾಧಿಸಿದ ಸಮಾಧಾನವೂ ಆಗುತ್ತದೆ. ಮೋಸ ಇರುವುದೂ ಅಲ್ಲೇ. ಭೌತವಿಜ್ಞಾನದವರಿಗೆ ತೀರಾ ಪರಿಚಿತವಾದ ಒಂದು ಪ್ರಶ್ನೆ ತೆಗೆದುಕೊಳ್ಳಿ: ಲೋಟದ ನೀರಿನಲ್ಲಿ ತೇಲುತ್ತಿರುವ ಮಂಜುಗಡ್ಡೆ ಕರಗಿದರೆ ನೀರಿನ ಮಟ್ಟ ಏನಾಗುತ್ತದೆ? ಬದಲಾಗುವುದಿಲ್ಲ. ಬಾಯಿಪಾಠ ಮಾಡಿದವರು ಮೂರು ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತಾರೆ. ಆಮೇಲೆ ಬರುತ್ತದೆ ನೋಡಿ: ಗಡ್ಡೆಯೊಳಗೆ ಒಂದು ಕಲ್ಲು ಸಿಕ್ಕಿಕೊಂಡಿದ್ದರೆ? ಆಗ ಮಟ್ಟ ಇಳಿಯುತ್ತದೆ. ಗಡ್ಡೆಯ ಜೊತೆ ತೇಲುವಾಗ ಕಲ್ಲು ತನ್ನ ತೂಕದಷ್ಟು ನೀರನ್ನು ಸರಿಸಿತ್ತು. ತಳಕ್ಕೆ ಬಿದ್ದ ಮೇಲೆ ತನ್ನ ಗಾತ್ರದಷ್ಟನ್ನು ಮಾತ್ರ ಸರಿಸುತ್ತದೆ. ಕಲ್ಲಿನ ಬದಲು ಬೆಂಡಿನ ಚೂರಿದ್ದರೆ? ಅದು ಕೊನೆಗೂ ತೇಲುತ್ತಲೇ ಇರುತ್ತದೆ, ಮಟ್ಟ ಹಾಗೇ ಉಳಿಯುತ್ತದೆ. ಲೋಟದಲ್ಲಿ ಉಪ್ಪುನೀರಿದ್ದರೆ? ಏರುತ್ತದೆ, ಏಕೆಂದರೆ ಕರಗಿ ಬಂದ ಸಿಹಿನೀರು ಅಷ್ಟೇ ತೂಕದ ಉಪ್ಪುನೀರಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ನಾಲ್ಕಕ್ಕೂ ಹಿಂದಿರುವ ತತ್ವ ಒಂದೇ: ತೇಲುವ ವಸ್ತು ತನ್ನ ತೂಕದಷ್ಟು ನೀರನ್ನು ಸರಿಸುತ್ತದೆ. ಅದನ್ನು ಹಿಡಿದವರಿಗೆ ನಾಲ್ಕೂ ಒಂದೇ ಪ್ರಶ್ನೆ, ಉತ್ತರವನ್ನಷ್ಟೇ ಹಿಡಿದವರಿಗೆ ನಾಲ್ಕೂ ಬೇರೆ ಬೇರೆ.

ಹಾಗೆಂದು ಪ್ರಶ್ನೆಕೋಶವನ್ನು ಎಸೆಯಬೇಕಿಲ್ಲ, ಬಳಸುವ ರೀತಿ ಬದಲಿಸಿದರೆ ಸಾಕು. ಪ್ರತಿ ಪ್ರಶ್ನೆಗೂ ಮೂರು ಮರುಪ್ರಶ್ನೆಗಳನ್ನು ನೀವೇ ಹುಟ್ಟಿಸಿ. ಒಂದು ಅಳತೆಯನ್ನು ಬದಲಿಸಿ, ಒಂದು ಷರತ್ತನ್ನು ತೆಗೆದುಹಾಕಿ, ಒಂದು ಬೆಲೆಯನ್ನು ಸೊನ್ನೆಗೋ ಅನಂತಕ್ಕೋ ಒಯ್ಯಿರಿ. ಹೀಗೆ ಹಿಗ್ಗಿಸಿದ ಹತ್ತು ಪ್ರಶ್ನೆ, ಮೇಲಿಂದ ಮೇಲೆ ಓದಿದ ನೂರಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ಪಠ್ಯದಾಚೆಯ ಓದು

ಇದರ ಬಗ್ಗೆ ಎಲ್ಲರೂ ಉಪದೇಶ ಮಾಡುತ್ತಾರೆ, ಹೇಗೆಂದು ಹೇಳುವವರು ಕಡಿಮೆ. ಹದಿನೈದು ಪುಸ್ತಕಗಳ ಹೆಸರು ಗೊತ್ತಿದ್ದು ಒಂದರ ವಾದವನ್ನೂ ಬಿಡಿಸಿ ಹೇಳಲಾಗದಿದ್ದರೆ ಆ ಓದು ಭಾರವೇ ಹೊರತು ಬಲವಲ್ಲ. ಅದಕ್ಕಿಂತ ವಾರಕ್ಕೆ ಒಂದು ಅಧ್ಯಾಯ, ಒಂದು ಹಾಳೆ ಟಿಪ್ಪಣಿ ಸಾಕು. ಹಾಳೆಯಲ್ಲಿ ಮೂರೇ ಸಂಗತಿ ಇರಲಿ: ಬರೆದವರ ವಾದ ಏನು, ಅದಕ್ಕೆ ಕೊಟ್ಟ ಆಧಾರ ಏನು, ನೀವು ಎಲ್ಲಿ ಜಗಳ ತೆಗೆಯುತ್ತೀರಿ. ಮೂರನೆಯದು ಖಾಲಿ ಉಳಿದರೆ ಆ ಅಧ್ಯಾಯವನ್ನು ಇನ್ನೂ ಓದಿಲ್ಲ ಎಂದೇ ಲೆಕ್ಕ.

ಓದು ನಿಜಕ್ಕೂ ಕೆಲಸ ಮಾಡುವುದು ಸರಿಯಾದ ಜಾಗದಲ್ಲಿ ಒಂದು ವಿವರ ನೆನಪಾದಾಗ. ಜೀವವಿಜ್ಞಾನದಲ್ಲಿ ‘ಕೀಟಗಳು ಆನೆಯಷ್ಟು ದೊಡ್ಡದಾಗಿ ಏಕೆ ಬೆಳೆಯುವುದಿಲ್ಲ?’ ಎಂದು ಕೇಳಿದರೆ ಪಠ್ಯಪುಸ್ತಕದ ನೆರವಿನಿಂದಲೇ ಅರ್ಧ ದಾರಿ ಹೋಗಬಹುದು: ಉದ್ದ ಎರಡರಷ್ಟಾದರೆ ಮೈಯ ಹೊರಮೈ ನಾಲ್ಕರಷ್ಟು, ಗಾತ್ರ ಎಂಟರಷ್ಟು ಆಗುತ್ತದೆ, ಸಣ್ಣ ಕೊಳವೆಗಳ ಮೂಲಕ ಆಮ್ಲಜನಕ ಒಳಗಿನ ಜೀವಕೋಶಗಳಿಗೆ ತಲುಪುವುದು ಕಷ್ಟವಾಗುತ್ತದೆ. ಸುಮಾರು 30 ಕೋಟಿ ವರ್ಷಗಳ ಹಿಂದೆ ಏರೋಪ್ಲೇನ್ ಚಿಟ್ಟೆಯ ದೂರದ ಸಂಬಂಧಿಯಾದ ಮೆಗಾನ್ಯೂರಾಗೆ 65 ಸೆಂಟಿಮೀಟರಿಗೂ ಹೆಚ್ಚಿನ ರೆಕ್ಕೆಯಗಲ ಇತ್ತೆಂದು ಓದಿದವರು, ‘ಆಗ ಗಾಳಿಯಲ್ಲಿ ಆಮ್ಲಜನಕ ಹೆಚ್ಚಿದ್ದಿರಬಹುದು, ಆದರೆ ಅದೊಂದೇ ಕಾರಣವೇ?’ ಎಂದು ತಾವೇ ಮಾತು ಮುಂದುವರಿಸಬಲ್ಲರು. ಓದಿನ ಮಿತಿಯೂ ಇಲ್ಲೇ ಇದೆ. ಅದು ಸಾಮಗ್ರಿ ಕೊಡುತ್ತದೆ, ಬಾಯಿ ಪಳಗಿಸುವುದಿಲ್ಲ.

ಇನ್ನೊಂದು ಮಾತು: ಈ ಕೋರ್ಸ್ ಏಕೆ ಬೇಕೆಂದು ವಿವರಿಸಿ ಅರ್ಜಿಯ ಜೊತೆ ಕೊಡುವ ಎಸ್‌ಒಪಿಯಲ್ಲಿ ಬರೆದ ಪುಸ್ತಕ, ಪ್ರಾಜೆಕ್ಟ್, ಪ್ರಯೋಗ ಯಾವುದರ ಮೇಲೆ ಬೇಕಾದರೂ ಪ್ರಶ್ನೆ ಬರಬಹುದು. ಆ ಹಾಳೆಯ ಪ್ರತಿ ಹೆಸರುಪದದ ಕೆಳಗೆ ಗೆರೆ ಎಳೆದು, ಒಂದೊಂದರ ಬಗ್ಗೆಯೂ ಎರಡು ನಿಮಿಷ ಮಾತಾಡಲು ಬರುತ್ತದೆಯೇ ನೋಡಿಕೊಳ್ಳಿ. ಬಾರದಿದ್ದರೆ ಮೊದಲು ಓದಬೇಕಾದದ್ದು ಅದನ್ನೇ.

ಒಬ್ಬರೇ ಕೂತು ಬಾಯಿಬಿಟ್ಟು ಬಿಡಿಸುವುದು

ಫೋನಿನ ರೆಕಾರ್ಡರ್ ಹಾಕಿ, ಎಂದೂ ನೋಡದ ಒಂದು ಲೆಕ್ಕ ತೆಗೆದುಕೊಂಡು, ತಲೆಯಲ್ಲಿ ಓಡುವುದನ್ನೆಲ್ಲ ಜೋರಾಗಿ ಹೇಳುತ್ತ ಬಿಡಿಸುವುದು. ಮೊದಲ ಎರಡು ಸಲ ಹುಚ್ಚರಂತೆ ಅನಿಸುತ್ತದೆ, ಮೂರನೇ ಸಲಕ್ಕೆ ಅಭ್ಯಾಸವಾಗುತ್ತದೆ. ಲಾಭ ಇರುವುದು ಆಮೇಲೆ ಕೇಳಿಸಿಕೊಳ್ಳುವುದರಲ್ಲಿ. 20 ಸೆಕೆಂಡಿಗಿಂತ ಉದ್ದದ ಮೌನ ಎಷ್ಟು ಸಲ ಬಂತು ಎಣಿಸಿ. ‘ಅದು ಇದಾಗುತ್ತೆ’ ಎಂಬಂಥ ಮಾತು ಎಷ್ಟಿವೆ, ಯಾವುದು ಯಾವುದಾಗುತ್ತದೆ ಎಂದು ಕೇಳುವವರಿಗೆ ಗೊತ್ತಾಗುತ್ತದೆಯೇ ನೋಡಿ. ಕೊರತೆ ಒಂದೇ: ತಪ್ಪು ದಾರಿ ಹಿಡಿದರೆ ಎಳೆದು ನಿಲ್ಲಿಸುವವರು ಯಾರೂ ಇಲ್ಲ.

ಚಾಟ್‌ಬಾಟ್ ಜೊತೆ

ಅರ್ಧರಾತ್ರಿಯಲ್ಲೂ ಸಿಗುತ್ತದೆ, ಬೇಸರಪಡುವುದಿಲ್ಲ. ಆದರೆ ಸುಮ್ಮನೆ ಬಿಟ್ಟರೆ ಒಂದೇ ಉಸಿರಿಗೆ ಐದು ಪ್ರಶ್ನೆ ಕೇಳಿ, ನೀವು ತಡವರಿಸುವ ಮೊದಲೇ ಉತ್ತರವನ್ನೂ ಕೊಟ್ಟುಬಿಡುತ್ತದೆ. ಶುರುವಿನಲ್ಲೇ ಕಟ್ಟುನಿಟ್ಟು ಹಾಕಿ: ಒಂದು ಸಲಕ್ಕೆ ಒಂದೇ ಪ್ರಶ್ನೆ, ಉತ್ತರ ಹೇಳಬೇಡ, ಕೇಳಿದರೆ ಮಾತ್ರ ಸುಳಿವು ಕೊಡು, ನನ್ನ ಮಾತನ್ನು ಸುಮ್ಮನೆ ಒಪ್ಪಬೇಡ. ಇಷ್ಟಾದರೂ ತಪ್ಪು ವಾದವನ್ನು ಮೆಚ್ಚಿಕೊಳ್ಳುವುದು, ಲೆಕ್ಕದಲ್ಲಿ ಎಡವುವುದು ಉಂಟು. ಮರುಪ್ರಶ್ನೆ ಹುಟ್ಟಿಸಲು ಒಳ್ಳೆಯದು, ತೀರ್ಪು ಕೊಡಲು ಅಲ್ಲ.

ವಿಷಯ ಬಲ್ಲವರೊಂದಿಗೆ ಅಣಕು ಸಂದರ್ಶನ

ಮರುಪ್ರಶ್ನೆಯ ಅಳತೆಗೋಲಿನಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ಕೆಡಿಸಿಕೊಳ್ಳುವುದೂ ಇಲ್ಲೇ ಸುಲಭ. ಕೇಳುವವರು ಪ್ರಾಧ್ಯಾಪಕರೇ ಆಗಬೇಕಿಲ್ಲ. ಅದೇ ವಿಷಯದಲ್ಲಿ ಒಂದೆರಡು ವರ್ಷ ಮುಂದಿರುವ ವಿದ್ಯಾರ್ಥಿ ಸಾಕು. ಅವರು ಮೊದಲೇ ಮೂರು ಸುಳಿವಿನ ಚೀಟಿ ಬರೆದಿಟ್ಟುಕೊಂಡಿರಬೇಕು, ಚೀಟಿ ಇಲ್ಲದಿದ್ದರೆ ಕರುಣೆ ಉಕ್ಕಿ ಪೂರ್ತಿ ಉತ್ತರವನ್ನೇ ಹೇಳಿಬಿಡುತ್ತಾರೆ.

ಉದಾಹರಣೆಗೆ, ‘ಒಂದು ಧನ ಸಂಖ್ಯೆಗೆ ಅದೇ ಸಂಖ್ಯೆಯನ್ನು ಘಾತವಾಗಿ ಕೊಟ್ಟರೆ ಬರುವ ಗ್ರಾಫ್ ಎಳೆಯಿರಿ’. ಮೊದಲ ಚೀಟಿ ಬರೀ ಪ್ರಶ್ನೆ: ಕೆಲವು ಬೆಲೆ ಹಾಕಿ ನೋಡಬಹುದೇ? 1ಕ್ಕೆ 1, 0.5ಕ್ಕೆ ಸುಮಾರು 0.71, 0.1ಕ್ಕೆ ಸುಮಾರು 0.79, 0.01ಕ್ಕೆ ಸುಮಾರು 0.95. ಸೊನ್ನೆಯ ಹತ್ತಿರ ಹೋದಂತೆ ಗ್ರಾಫ್ ಕೆಳಗಿಳಿಯುವ ಬದಲು 1ರ ಕಡೆಗೆ ಏರುತ್ತಿದೆ, ಅಂದರೆ ನಡುವೆ ಎಲ್ಲೋ ತಗ್ಗಿದೆ. ಎರಡನೇ ಚೀಟಿ: ಎರಡೂ ಕಡೆ ಲಾಗರಿದಮ್ ತೆಗೆದುಕೊಂಡರೆ? ಮೂರನೆಯದು: ಈಗ ಅವಕಲಿಸಿ ಸೊನ್ನೆಗೆ ಸಮೀಕರಿಸಿ. ತಗ್ಗು ಸುಮಾರು 0.37ರಲ್ಲಿ, ಅಲ್ಲಿಯ ಎತ್ತರ ಸುಮಾರು 0.69. ಮೂರೂ ಚೀಟಿ ಬಳಸಿದರೂ ಅವಮಾನವೇನಿಲ್ಲ, ಸುಳಿವನ್ನು ಹಿಡಿದು ಮುಂದೆ ಹೋಗುವುದು ನಿಜವಾದ ಸಂದರ್ಶನದಲ್ಲೂ ಅಂಕ ತರುವ ಗುಣ. ಸುಳಿವು ಸಿಕ್ಕ ಮೇಲೂ ಹಳೆಯ ದಾರಿಯನ್ನೇ ಹಿಡಿದು ಕೂರುವುದು ಮಾತ್ರ ಕೆಡುಕು.

ಕಲಾ ವಿಷಯಗಳವರಿಗೆ ಲೆಕ್ಕದ ಜಾಗದಲ್ಲಿ ಅಪರಿಚಿತ ಪಠ್ಯಭಾಗ. 200 ಪದಗಳಷ್ಟಿದ್ದರೆ ಸಾಕು. ಎಂಟು ನಿಮಿಷ ಪೆನ್ಸಿಲ್ ಹಿಡಿದು ಓದಿ, ಅನುಮಾನ ಬಂದ ಪದಕ್ಕೆಲ್ಲ ಗುರುತು ಹಾಕಿ, ಆಮೇಲೆ ಮಾತು. ಸಾರಾಂಶ ಹೇಳಲು ಹೊರಟರೆ ಕೇಳುವವರು ಅಲ್ಲೇ ತಡೆಯಲಿ: ‘ಇದನ್ನು ಯಾರು, ಯಾರಿಗಾಗಿ ಬರೆದಿದ್ದಾರೆ? ಯಾವ ಪದದಿಂದ ಗೊತ್ತಾಯಿತು?’

ಒಂದು ಕೂಟಕ್ಕೆ 40 ನಿಮಿಷ ಸಾಕು: 25 ನಿಮಿಷ ಪ್ರಶ್ನೆ, ಉಳಿದದ್ದು ಎಲ್ಲಿ ಸಿಕ್ಕಿಕೊಂಡಿರಿ ಎಂಬ ಮಾತು. ವಿಷಯ ಗೊತ್ತಿಲ್ಲದವರು ಕೇಳಿದರೆ ಧೈರ್ಯ ಬರುತ್ತದೆ ಅಷ್ಟೇ, ತಪ್ಪು ಅವರಿಗೆ ಕಾಣಿಸದು.

ಯಾವುದಕ್ಕೆ ಎಷ್ಟು ಸಮಯ

ಆರು ವಾರ ಕೈಯಲ್ಲಿದ್ದರೆ ನಮ್ಮ ಲೆಕ್ಕ ಹೀಗೆ: ವಾರಕ್ಕೆ ಎರಡು ಸಲ ಒಬ್ಬರೇ ರೆಕಾರ್ಡಿಂಗ್, ಒಂದು ಸಲ ಅಣಕು ಸಂದರ್ಶನ, ಒಂದು ಅಧ್ಯಾಯ ಓದು. ಪ್ರಶ್ನೆಕೋಶ ಮತ್ತು ಚಾಟ್‌ಬಾಟ್ ಮರುಪ್ರಶ್ನೆಗಳನ್ನು ಒದಗಿಸಲು ಮಾತ್ರ. ಒಂದೇ ವಾರ ಉಳಿದಿದ್ದರೆ ಹೊಸ ಓದು ಬೇಡ. ಎಸ್‌ಒಪಿಯ ಹೆಸರುಪದಗಳು ಮತ್ತು ಮೂರು ಅಣಕು ಸಂದರ್ಶನ ಸಾಕು.

ಆನ್‌ಲೈನ್ ಸಂದರ್ಶನವಾದರೆ ಆ ಮೂರರಲ್ಲಿ ಒಂದನ್ನಾದರೂ ವಿಡಿಯೋ ಕರೆಯಲ್ಲೇ ಮಾಡಿ. ಬಾಲ್ ಪೆನ್ನಿನ ತೆಳು ಗೆರೆ ಕ್ಯಾಮೆರಾದಲ್ಲಿ ಕಾಣುವುದಿಲ್ಲ, ದಪ್ಪ ಮಾರ್ಕರ್ ಬೇಕು. ಹಾಳೆಯನ್ನು ಎತ್ತಿ ಹಿಡಿದಾಗ ನಿಮಗೆ ನಿಮ್ಮ ಪರದೆಯಲ್ಲಿ ಅಕ್ಷರಗಳು ತಿರುಗುಮುರುಗಾಗಿ ಕಂಡರೂ ಗಾಬರಿ ಬೇಡ, ಸಾಮಾನ್ಯವಾಗಿ ಎದುರಿನವರಿಗೆ ನೇರವಾಗಿಯೇ ಕಾಣುತ್ತದೆ. ಧ್ವನಿ ಅರೆಕ್ಷಣ ತಡವಾಗಿ ತಲುಪುವುದರಿಂದ, ಅವರ ಮಾತು ಮುಗಿಯಿತೆನಿಸಿದ ಮೇಲೂ ಒಂದು ಉಸಿರು ತಡೆದು ಮಾತಾಡಿ. ಇಲ್ಲದಿದ್ದರೆ ಅವರು ಕೊಡುತ್ತಿದ್ದ ಸುಳಿವಿನ ಮೇಲೆಯೇ ನಿಮ್ಮ ಮಾತು ಬೀಳುತ್ತದೆ.