ಒಂಬತ್ತು ತಿಂಗಳ ಕಾರು ಶಿರಾಡಿ ಘಾಟಿಯಲ್ಲಿ ಬಿಸಿಯೇರಿ ನಿಂತದ್ದು: ನಾಲ್ಕು ವರ್ಷ, 62 ಸಾವಿರ ಕಿಲೋಮೀಟರ್ ಬಳಕೆಯ ವಿಮರ್ಶೆ

ಈ ಕಾರನ್ನು ನಾನು 2021ರ ಆಗಸ್ಟ್‌ನಲ್ಲಿ ಹಾಸನದಲ್ಲಿ ಕೊಂಡೆ. ಒಂದು ಲೀಟರ್ ಸಾಮರ್ಥ್ಯದ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್ ಇರುವ ಸಣ್ಣ ಎಸ್‌ಯುವಿ ಇದು. ತಯಾರಕರ ಹೆಸರನ್ನಾಗಲೀ ಸರ್ವಿಸ್ ಸೆಂಟರಿನ ಹೆಸರನ್ನಾಗಲೀ ಇಲ್ಲಿ ಬರೆಯುತ್ತಿಲ್ಲ. ಕೈಕೊಟ್ಟ ಭಾಗದಂಥದ್ದೇ ಭಾಗ ಇಂದು ಹಲವು ಕಂಪನಿಗಳ ಕಾರುಗಳಲ್ಲಿ ಇರುವುದರಿಂದ ಹೆಸರಿಗಿಂತ ವಿವರವೇ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬಂದೀತು. ಎಂಜಿನ್ನಿನ ಎಳೆತ, ಹೆದ್ದಾರಿಯಲ್ಲಿ ಲೀಟರಿಗೆ ಸಿಗುವ ಸುಮಾರು 16 ಕಿಲೋಮೀಟರ್ ಮೈಲೇಜು, ಮಲೆನಾಡಿನ ಹೊಂಡದ ರಸ್ತೆಗಳನ್ನು ತಡೆದುಕೊಳ್ಳುವ ಸಸ್ಪೆನ್ಷನ್, ಇವುಗಳ ಬಗ್ಗೆ ನನಗೆ ದೂರಿಲ್ಲ. ದೂರು ಇರುವುದು ಕೂಲಂಟ್ (ಎಂಜಿನ್ನನ್ನು ತಣ್ಣಗಿಡುವ ದ್ರವ) ವ್ಯವಸ್ಥೆಯ ಬಗ್ಗೆ, ಮತ್ತು ಅದು ಮೊದಲೇ ಕೊಟ್ಟ ಸೂಚನೆಯನ್ನು ಎರಡು ಸಲ ತೊಳೆದು ಒರೆಸಿ ಕಳುಹಿಸಿದ ಸರ್ವಿಸ್ ಪದ್ಧತಿಯ ಬಗ್ಗೆ.

ಐದು ಸಾವಿರ ಕಿಲೋಮೀಟರ್ ದಾಟಿದ ಹೊತ್ತಿಗೆ, ಒಂದು ಭಾನುವಾರ ವೈಪರ್ ನೀರು ತುಂಬಿಸಲು ಬಾನೆಟ್ ಎತ್ತಿದಾಗ, ಕೂಲಂಟ್ ಟ್ಯಾಂಕಿನ ಮಟ್ಟ ಕೆಳಗಿನ ಗೆರೆಯ ಹತ್ತಿರ ಇರುವುದು ಕಣ್ಣಿಗೆ ಬಿತ್ತು. ಸರ್ವಿಸ್ ಸೆಂಟರಿಗೆ ಹೋಗಿ ತೋರಿಸಿದೆ. "ಹೊಸ ಗಾಡಿ ಅಲ್ವಾ ಸಾರ್, ಒಳಗೆ ಗಾಳಿ ಸೇರ್ಕೊಂಡಿರುತ್ತೆ, ಅದು ಹೊರಗೆ ಬಂದಾಗ ಲೆವೆಲ್ ಇಳಿಯುತ್ತೆ" ಎಂದು ಸರ್ವಿಸ್ ಅಡ್ವೈಸರ್ ಹೇಳಿದರು. ಈ ಮಾತು ಪೂರ್ತಿ ಸುಳ್ಳಲ್ಲ. ಕಾರ್ಖಾನೆಯಲ್ಲಿ ಕೂಲಂಟ್ ತುಂಬಿಸುವಾಗ ಉಳಿದ ಗಾಳಿ ಹೊರಬಂದು ಮಟ್ಟ ಒಂದು ಸಲ ಇಳಿಯುವುದುಂಟು. ಆದರೆ ಅದು ಒಂದೇ ಸಲ. 10 ಸಾವಿರ ಕಿಲೋಮೀಟರಿನ ಸರ್ವಿಸ್‌ನಲ್ಲಿ ಮಟ್ಟ ಮತ್ತೆ ಕೆಳಗಿನ ಗೆರೆಗೆ ಬಂದಿತ್ತು. ಅವರು ಮತ್ತೆ ತುಂಬಿಸಿ, ಜಾಬ್ ಕಾರ್ಡಿನಲ್ಲಿ "ಕೂಲಂಟ್ ಟಾಪ್ ಅಪ್" ಎಂದು ಬರೆದು ಕೊಟ್ಟರು. ಕಾರಣ ಹುಡುಕುವ ಯೋಚನೆ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ನಡುವೆ ಒಂದೆರಡು ಸಲ ಕಾರು ನಿಲ್ಲಿಸಿದ ಮೇಲೆ ಬೆಲ್ಲದ ಪಾಕದಂಥ ಸಿಹಿ ವಾಸನೆ ಮೂಗಿಗೆ ಬಡಿದಿತ್ತು. ಅದು ಹೊಸ ಕಾರಿನ ಪ್ಲಾಸ್ಟಿಕ್ಕಿನ ವಾಸನೆಯೆಂದು ತಿಳಿದೆ. ಕೂಲಂಟಿನಲ್ಲಿರುವ ಗ್ಲೈಕಾಲ್ ಬಿಸಿ ಲೋಹದ ಮೇಲೆ ಬಿದ್ದಾಗ ಬರುವ ವಾಸನೆ ಅದೇ ಎಂಬುದು ಆಮೇಲೆ ಗೊತ್ತಾಯಿತು.

2022ರ ಮೇ ತಿಂಗಳಲ್ಲಿ ಪುತ್ತೂರಿನಲ್ಲಿ ಒಂದು ಮದುವೆ ಮುಗಿಸಿಕೊಂಡು ಹಿಂದಿರುಗುತ್ತಿದ್ದೆವು. ಓಡೊಮೀಟರ್ 11,380 ತೋರಿಸುತ್ತಿತ್ತು. ಕಾರಿನಲ್ಲಿ ಐದು ಜನ, ಹಿಂದೆ ತುಂಬಿದ ಸಾಮಾನು, ಹೊರಗೆ ಕರಾವಳಿಯ ಬೇಸಿಗೆ. ಗುಂಡ್ಯ ದಾಟಿ ಘಾಟಿ ಏರತೊಡಗಿದಾಗ ಮುಂದೆ ಮಂಗಳೂರಿನಿಂದ ಬರುತ್ತಿದ್ದ ಗ್ಯಾಸ್ ಟ್ಯಾಂಕರುಗಳ ಸಾಲು. ಎರಡನೆಯ ಗೇರಿನಲ್ಲಿ ನಡಿಗೆಯ ವೇಗದಲ್ಲಿ ತೆವಳುತ್ತಾ ಹೋಗಬೇಕಾಯಿತು. ಎಂಜಿನ್ನಿನ ಮೇಲೆ ಪೂರ್ತಿ ಭಾರ, ರೇಡಿಯೇಟರಿಗೆ ಗಾಳಿಯಿಲ್ಲ, ಮೇಲೆ ಎಸಿ. ಕೂಲಂಟ್ ವ್ಯವಸ್ಥೆಯನ್ನು ಪರೀಕ್ಷಿಸಬೇಕೆಂದು ಯಾರಾದರೂ ಕುಳಿತು ಯೋಚಿಸಿದ್ದರೂ ಇದಕ್ಕಿಂತ ಕಠಿಣವಾದ ಪರೀಕ್ಷೆ ಹೊಳೆಯುತ್ತಿರಲಿಲ್ಲ.

ಮೊದಲು ಗಮನಿಸಿದ್ದು ಅಮ್ಮ. "ಎಸಿ ಬಿಸಿ ಗಾಳಿ ಬಿಡ್ತಾ ಇದೆಯಲ್ಲೋ" ಎಂದರು. ಎಸಿ ಗ್ಯಾಸ್ ಕಡಿಮೆಯಾಗಿರಬೇಕು ಎಂದುಕೊಂಡು ನಾನು ಸುಮ್ಮನಾದೆ. ಕೂಲಂಟಿನ ಬಿಸಿ ಮಿತಿ ಮೀರುತ್ತಿದೆ ಎಂದು ತಿಳಿದ ಕೂಡಲೇ ಎಂಜಿನ್ನಿನ ಕಂಪ್ಯೂಟರು ಹೊರೆ ಇಳಿಸಲೆಂದು ಎಸಿ ಕಂಪ್ರೆಸರನ್ನು ತಾನಾಗಿ ನಿಲ್ಲಿಸುತ್ತದೆ. ಆ ಬಿಸಿ ಗಾಳಿಯೇ ನನಗೆ ಸಿಕ್ಕ ಮೊದಲ ಎಚ್ಚರಿಕೆಯಾಗಿತ್ತು. ಒಂದೆರಡು ನಿಮಿಷದಲ್ಲಿ ಮೀಟರ್ ಬೋರ್ಡಿನಲ್ಲಿ ಕೆಂಪು ದೀಪ ಹತ್ತಿ, ಕಾರು ಕೂಗತೊಡಗಿತು, ಆಕ್ಸಿಲರೇಟರ್ ಒತ್ತಿದರೂ ಎಳೆತ ಕುಂದಿತು.

ಅಲ್ಲಿ ರಸ್ತೆಯ ಪಕ್ಕ ನಿಲ್ಲಿಸಲು ಜಾಗವಿರಲಿಲ್ಲ. ಅಗಲವಾದ ಜಾಗ ಸಿಗುವವರೆಗೆ ಸುಮಾರು ನಾನೂರು ಮೀಟರ್ ಹೋಗಲೇಬೇಕಿತ್ತು. ಕಿಟಕಿಗಳನ್ನು ಇಳಿಸಿ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿದೆ. ಹೀಟರ್ ಎಂದರೆ ಡ್ಯಾಷ್‌ಬೋರ್ಡಿನೊಳಗಿರುವ ಇನ್ನೊಂದು ಸಣ್ಣ ರೇಡಿಯೇಟರೇ ಆದ್ದರಿಂದ ಅದು ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಹೊರಗೆಳೆಯುತ್ತದೆ. ಕೆಲವು ಕ್ಷಣ ಸುಡುವ ಗಾಳಿ ಬಂತು. ಆಮೇಲೆ ಅದು ತಣ್ಣಗಾಯಿತು. ಎಂಜಿನ್ ಕುದಿಯುತ್ತಿರುವಾಗ ಹೀಟರಿನಲ್ಲಿ ತಣ್ಣನೆಯ ಗಾಳಿ ಬರುವುದೆಂದರೆ ಕೊಳವೆಗಳಲ್ಲಿ ಕೂಲಂಟೇ ಉಳಿದಿಲ್ಲವೆಂದು ಅರ್ಥ. ಆ ಹೊತ್ತಿಗೆ ಎಡಕ್ಕೆ ಜಾಗ ಕಂಡಿತು. ಎಂಜಿನ್ ಆಫ್ ಮಾಡಿದೆ. ಕೂಲಂಟ್ ಬತ್ತಿದಾಗ ಸೆನ್ಸರಿನ ಸುತ್ತ ಬರೀ ಆವಿಯಿದ್ದು, ಅದು ತೋರಿಸುವ ಉಷ್ಣತೆ ಕೆಲವೊಮ್ಮೆ ಇಳಿದಂತೆಯೂ ಕಾಣಬಹುದಂತೆ. ದೀಪ ಆರಿತೆಂದು ಮುಂದೆ ಹೊರಟು ಎಂಜಿನ್ ಹಾಳುಮಾಡಿಕೊಂಡವರಿದ್ದಾರೆ ಎಂದು ಮುಂದೆ ಒಬ್ಬ ಮೆಕ್ಯಾನಿಕ್ ಹೇಳಿದರು.

ಬಾನೆಟ್ಟಿನ ಸಂದಿನಿಂದ ಆವಿ ಏಳುತ್ತಿತ್ತು. ಹಿಂದೆ ಬಂದ ಲಾರಿಯ ಕ್ಲೀನರ್ ಹುಡುಗ ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಕ್ಯಾನಿನಲ್ಲಿ ನೀರು ತರಲೇ ಎಂದು ಕೇಳಿದ. ಅವನ ಡ್ರೈವರ್ ಮಾತ್ರ "ಮುಚ್ಚಳ ಮುಟ್ಬೇಡಿ ಸಾರ್, ಮುಖಕ್ಕೆ ಹಾರುತ್ತೆ" ಎಂದು ಕೂತಲ್ಲಿಂದಲೇ ಎಚ್ಚರಿಸಿದರು. ಅವರು ಹೇಳಿದ್ದೇ ಸರಿ. ಅರ್ಧ ನೀರು, ಅರ್ಧ ಗ್ಲೈಕಾಲ್ ಇರುವ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮುಚ್ಚಳ ಒಳಗೆ ಸುಮಾರು ಒಂದು ಬಾರ್ ಒತ್ತಡ ಹಿಡಿದಿಡುವುದರಿಂದ ಕಾರಿನಲ್ಲಿ ಅದು 125 ಡಿಗ್ರಿಯ ಆಚೀಚೆವರೆಗೂ ಕುದಿಯದೆ ಇರಬಲ್ಲದು. ಪ್ರೆಷರ್ ಕುಕ್ಕರಿನ ಮುಚ್ಚಳವನ್ನು ಒತ್ತಡವಿರುವಾಗಲೇ ತೆಗೆದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ನನ್ನ ಕಾರಿಗೆ ಆದದ್ದೂ ಇದರಿಂದಲೇ ಅರ್ಥವಾಗುತ್ತದೆ: ಸಣ್ಣ ಸೋರಿಕೆಯಾದರೂ ಮೊದಲು ಹೋಗುವುದು ಒತ್ತಡ, ಒತ್ತಡ ಹೋದ ಮೇಲೆ ಕುದಿಯುವ ಬಿಂದು ಇಳಿದು, ಉಳಿದ ಕೂಲಂಟ್ ಆವಿಯಾಗಿ ನಿಮಿಷಗಳಲ್ಲಿ ಖಾಲಿಯಾಗುತ್ತದೆ.

ಅಂಬಾಸಿಡರ್ ಕಾಲದಲ್ಲಿ ನಮ್ಮ ದೊಡ್ಡಪ್ಪ ಡಿಕ್ಕಿಯಲ್ಲಿ ನೀರಿನ ಕ್ಯಾನಿಲ್ಲದೆ ಘಾಟಿ ಹತ್ತುತ್ತಿರಲಿಲ್ಲ. ಆ ಕಾರಿನಲ್ಲಿ ಬಿಸಿ ಎಷ್ಟಿದೆಯೆಂದು ತೋರಿಸುವ ಮುಳ್ಳೊಂದಿತ್ತು. ನನ್ನ ಕಾರಿನಲ್ಲಿ ಹತ್ತು ಇಂಚಿನ ಪರದೆಯಿದೆ, ಹಾಡಿನ ಜೊತೆಗೆ ಗಾಯಕಿಯ ಚಿತ್ರವೂ ಅದರಲ್ಲಿ ಬರುತ್ತದೆ. ಎಂಜಿನ್ನಿನ ಉಷ್ಣತೆ ತೋರಿಸುವ ಮುಳ್ಳು ಮಾತ್ರ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಅತಿಯಾದರೆ ಕೆಂಪು ದೀಪ, ನಡುವಿನದ್ದು ಚಾಲಕನಿಗೆ ಬೇಡವೆಂದು ಯಾರೋ ತೀರ್ಮಾನಿಸಿದ್ದಾರೆ. ಮುಳ್ಳಿದ್ದಿದ್ದರೆ ಅದು ಏರುತ್ತಿರುವುದು ಗುಂಡ್ಯದ ಹತ್ತಿರವೇ ನನಗೆ ಕಾಣುತ್ತಿತ್ತು. ಈ ಕಾರಿನ ಅತಿ ದೊಡ್ಡ ಕೊರತೆ ಯಾವುದೆಂದು ಕೇಳಿದರೆ, ಒಡೆದ ಭಾಗಕ್ಕಿಂತ ಮೊದಲು ನಾನು ಈ ಮುಳ್ಳನ್ನೇ ಹೆಸರಿಸುತ್ತೇನೆ.

ಘಾಟಿಯ ಆ ಜಾಗದಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಹೆಂಡತಿ ಸಕಲೇಶಪುರದ ಕಡೆ ಹೋಗುವ ಕೆಂಪು ಬಸ್ಸು ಹತ್ತಿದಳು. ಸಿಗ್ನಲ್ ಸಿಕ್ಕ ಕೂಡಲೇ ಕಂಪನಿಯ ರಸ್ತೆ ಸಹಾಯದ ಸಂಖ್ಯೆಗೆ ಅವಳೇ ಕರೆ ಮಾಡಿದಳು. ಮೂರೂವರೆ ಗಂಟೆಯ ನಂತರ, ಕಾರನ್ನು ಮೇಲೆ ಹೇರಿಕೊಂಡು ಹೋಗುವ ಲಾರಿ ಬಂತು. ಕಾಯುತ್ತಿದ್ದಾಗ ನಾನು ಮಾಡಿದ ಒಂದು ಕೆಲಸ ಮುಂದೆ ಬಹಳ ಉಪಯೋಗಕ್ಕೆ ಬಂತು. ಮೀಟರ್ ಬೋರ್ಡು, ಓಡೊಮೀಟರ್, ಖಾಲಿ ಟ್ಯಾಂಕ್, ನೆಲದ ಮೇಲೆ ಹರಿದ ಗುಲಾಬಿ ಬಣ್ಣದ ದ್ರವ, ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡೆ.

ಮರುದಿನ ಸರ್ವಿಸ್ ಸೆಂಟರಿನಲ್ಲಿ ಕೇಳಿಬಂದ ಮೊದಲ ಮಾತೇ "ಓವರ್‌ಹೀಟ್ ಆದ ಮೇಲೂ ಓಡ್ಸಿದೀರಿ ಅನ್ಸುತ್ತೆ ಸಾರ್, ಹಾಗಾದ್ರೆ ವಾರಂಟಿ ಕಷ್ಟ" ಎಂಬುದಾಗಿತ್ತು. ಕಾರನ್ನು ಇನ್ನೂ ಪರೀಕ್ಷಿಸಿರಲಿಲ್ಲ. ಜಗಳವಾಡುವ ಬದಲು ಕಾರಿನ ಕಂಪ್ಯೂಟರಿನಲ್ಲಿ ದಾಖಲಾದದ್ದನ್ನು ಮುದ್ರಿಸಿ ಕೊಡಿ ಎಂದು ಕೇಳಿದೆ. ದೋಷವೊಂದು ದಾಖಲಾದಾಗ, ಆ ಕ್ಷಣದ ಕೂಲಂಟ್ ಉಷ್ಣತೆ, ಎಂಜಿನ್ನಿನ ಸುತ್ತು, ಕಾರಿನ ವೇಗ ಮೊದಲಾದವೂ ಅದರ ಜೊತೆಗೆ ಉಳಿಯುತ್ತವೆ. ಇದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ನನ್ನ ಕಾರಿನಲ್ಲಿ ಇದ್ದದ್ದು ಪಿ 0217, ಅಂದರೆ ಕೂಲಂಟ್ ಅತಿಯಾಗಿ ಕಾದದ್ದಕ್ಕೆ ಕೊಡುವ ಸಂಕೇತ. ಎಚ್ಚರಿಕೆಯ ದೀಪ ಹತ್ತಿದ ಮೇಲೆ ಕಾರು ಎಷ್ಟು ದೂರ ಓಡಿದೆ ಎಂಬ ಲೆಕ್ಕವೂ ಅದೇ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದು ಒಂದು ಕಿಲೋಮೀಟರನ್ನೂ ದಾಟಿರಲಿಲ್ಲ. ಆ ಕಾಗದ ಮೇಜಿನ ಮೇಲೆ ಬಂದ ನಂತರ "ಓಡ್ಸಿದೀರಿ" ಎಂಬ ಮಾತು ಮತ್ತೆ ಬರಲಿಲ್ಲ.

ದೋಷ ಹುಡುಕಿದ ರೀತಿಯಲ್ಲಿಯೂ ಒಂದು ಪಾಠವಿತ್ತು. ಕೂಲಂಟ್ ತುಂಬಿಸಿ, ಕೈಪಂಪಿನಿಂದ ಒತ್ತಡ ಕೊಟ್ಟು ನೋಡಿದಾಗ ಹದಿನೈದು ನಿಮಿಷವಾದರೂ ಪಂಪಿನ ಒತ್ತಡಮಾಪಕದ ಮುಳ್ಳು ಇಳಿಯಲಿಲ್ಲ. "ಲೀಕೇಜ್ ಇಲ್ಲ" ಎಂದು ಬರೆಯಲು ಅವರು ಸಿದ್ಧರಾಗಿದ್ದರು. ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು, ಎಂಜಿನ್ನನ್ನು ಫ್ಯಾನ್ ತಿರುಗುವವರೆಗೆ ಬಿಸಿ ಮಾಡಿ, ನಿಲ್ಲಿಸಿ, ಆಮೇಲೆ ನೋಡಿ ಎಂದರು. ಬಿಸಿಯಾದಾಗ, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲಂಟಿನ ಹರಿವನ್ನು ನಿಯಂತ್ರಿಸುವ ಕವಾಟ) ಕೂರುವ ಪ್ಲಾಸ್ಟಿಕ್ ಕವಚದ ಜೋಡಣೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿಬಿಟ್ಟು, ಹನಿಹನಿಯಾಗಿ ಜಿನುಗತೊಡಗಿತು. ತಣ್ಣಗಾದರೆ ಮುಚ್ಚಿಕೊಳ್ಳುತ್ತಿತ್ತು. ಜಿನುಗಿದ್ದೆಲ್ಲ ಬಿಸಿ ಎಂಜಿನ್ನಿನ ಮೇಲೆಯೇ ಆವಿಯಾಗುತ್ತಿದ್ದುದರಿಂದ ಮನೆಯ ಶೆಡ್ಡಿನ ನೆಲದ ಮೇಲೆ ಒಂದು ಹನಿಯೂ ಕಂಡಿರಲಿಲ್ಲ. ಕವಚದ ಕೆಳಗೆ ಗುಲಾಬಿ ಬಣ್ಣದ ಪುಡಿ ಹೆಪ್ಪುಗಟ್ಟಿತ್ತು. ಅದು ನಿನ್ನೆ ಮೊನ್ನೆಯದಲ್ಲ, ತಿಂಗಳುಗಳದ್ದು ಎಂದು ಅವರೇ ಒಪ್ಪಿಕೊಂಡರು. ಹತ್ತು ಸಾವಿರದ ಸರ್ವಿಸ್‌ನಲ್ಲಿ ಟಾರ್ಚ್ ಹಿಡಿದು ನೋಡಿದ್ದರೆ ಸಾಕಾಗುತ್ತಿತ್ತು.

ಎಂಜಿನ್ನಿಗೆ ಒಳಗೆ ಪೆಟ್ಟಾಗಿದೆಯೇ ಎಂಬುದು ನನ್ನ ಮುಖ್ಯ ಆತಂಕವಾಗಿತ್ತು. ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಅಲ್ಯೂಮಿನಿಯಂ ಹೆಡ್ ಅತಿಯಾಗಿ ಕಾದರೆ ಬಾಗುತ್ತದೆ, ಅದರ ಕೆಳಗಿನ ಸೀಲಾದ ಹೆಡ್ ಗ್ಯಾಸ್ಕೆಟ್ ಸೋರುತ್ತದೆ, ಆಮೇಲೆ ಆಯಿಲ್‌ಗೆ ಕೂಲಂಟ್ ಸೇರುತ್ತದೆ ಇಲ್ಲವೇ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ. ಇವು ಕೆಲವೊಮ್ಮೆ ತಿಂಗಳುಗಳ ನಂತರ ಕಾಣಿಸಿಕೊಳ್ಳುತ್ತವೆ. ಅದಕ್ಕಾಗಿ ಎರಡು ಪರೀಕ್ಷೆಗಳನ್ನು ಲಿಖಿತವಾಗಿ ಕೇಳಿದೆ. ಒಂದು, ಮೂರೂ ಸಿಲಿಂಡರುಗಳ ಕಂಪ್ರೆಷನ್ (ಒಳಗೆ ಏಳುವ ಒತ್ತಡ) ಅಳತೆ. ಇನ್ನೊಂದು, ಕೂಲಂಟ್ ಟ್ಯಾಂಕಿನಿಂದ ಬರುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಪರೀಕ್ಷೆ. ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡಿನಿಂದ ದ್ರಾವಣ ಹಳದಿಗೆ ತಿರುಗುತ್ತದೆ. ಎರಡನೆಯದಕ್ಕೆ ಬೇಕಾದ ಸಾಧನ ಅಲ್ಲಿರಲಿಲ್ಲ, ಬೆಂಗಳೂರಿನಿಂದ ತರಿಸಿದರು. ದ್ರಾವಣ ನೀಲಿಯಾಗಿಯೇ ಉಳಿಯಿತು. ಮೂರು ಸಿಲಿಂಡರುಗಳ ಅಳತೆಯೂ ಹೆಚ್ಚುಕಡಿಮೆ ಸಮನಾಗಿತ್ತು. ಎರಡರ ಫಲಿತಾಂಶವನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡೆ.

ಬಿಡಿಭಾಗ ಬರಲು ಹದಿನೆಂಟು ದಿನ ಹಿಡಿಯಿತು. ಆ ಅವಧಿಗೆ ಬದಲಿ ಕಾರು ಕೊಡಲಿಲ್ಲ. ಕೊನೆಗೆ ಕವಚವನ್ನು ವಾರಂಟಿಯಲ್ಲಿ ಬದಲಿಸಿ, ಕೂಲಂಟನ್ನು ಮಾತ್ರ "ಕನ್ಸ್ಯೂಮಬಲ್" ಎಂದು ಬಿಲ್ಲಿಗೆ ಸೇರಿಸಿದ್ದರು. ವಾರಂಟಿಯಲ್ಲಿ ಬದಲಾಗಬೇಕಾದ ಭಾಗ ಒಡೆದದ್ದರಿಂದ ಚೆಲ್ಲಿಹೋದ ಕೂಲಂಟಿಗೆ ನಾನೇಕೆ ಹಣ ಕೊಡಬೇಕೆಂದು ಕೇಳಿ, ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆದೆ. ಎರಡು ಹಳೆಯ ಜಾಬ್ ಕಾರ್ಡುಗಳು, ಘಾಟಿಯ ಚಿತ್ರಗಳು, ಫ್ರೀಜ್ ಫ್ರೇಮಿನ ಪ್ರತಿ, ಎಲ್ಲವನ್ನೂ ಲಗತ್ತಿಸಿದೆ. ಒಪ್ಪದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುವ ಯೋಚನೆಯಿತ್ತು. ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿಯಿದೆ, ಆಗ ಇ-ದಾಖಿಲ್ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದಿತ್ತು (2025ರಿಂದ ಅದರ ಜಾಗಕ್ಕೆ ಇ-ಜಾಗೃತಿ ಬಂದಿದೆ). ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಆರನೆಯ ದಿನ ಬಿಲ್ ರದ್ದಾಯಿತು. ಕ್ಷಮೆ ಕೇಳಿದವರು ಆ ಹಿರಿಯ ಮೆಕ್ಯಾನಿಕ್ ಒಬ್ಬರೇ, ತಪ್ಪು ಅವರದಲ್ಲದಿದ್ದರೂ.

ಅಲ್ಲಿಂದೀಚೆಗೆ ಐವತ್ತು ಸಾವಿರ ಕಿಲೋಮೀಟರ್ ಓಡಿಸಿದ್ದೇನೆ. ರಿಪೇರಿಯಾದ ಮರುವಾರವೇ ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಚುಚ್ಚುವ ಒಂದು ಬ್ಲೂಟೂತ್ ಸಾಧನ ಕೊಂಡು, ಕೂಲಂಟಿನ ಉಷ್ಣತೆಯನ್ನು ಮೊಬೈಲಿನಲ್ಲಿ ನೋಡುವ ವ್ಯವಸ್ಥೆ ಮಾಡಿಕೊಂಡೆ. ಸಪಾಟು ಹೆದ್ದಾರಿಯಲ್ಲಿ ಅದು 88ರಿಂದ 93 ಡಿಗ್ರಿಯ ನಡುವೆ ಆಡುತ್ತದೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ 97ಕ್ಕೇರಿ, ಫ್ಯಾನ್ ತಿರುಗಿದ ಮೇಲೆ ಇಳಿಯುತ್ತದೆ. ಶಿರಾಡಿಯನ್ನು ತುಂಬಿದ ಕಾರಿನಲ್ಲಿ, ಬೇಸಿಗೆಯಲ್ಲಿ, ಎಸಿ ಹಾಕಿಕೊಂಡೇ ಹತ್ತಿದಾಗಲೂ 101ನ್ನು ದಾಟಿಲ್ಲ. ಟ್ಯಾಂಕಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡುತ್ತೇನೆ. ಮೂರು ವರ್ಷದಲ್ಲಿ ಮಟ್ಟ ಆ ಗೆರೆಯಿಂದ ಇಳಿದಿಲ್ಲ. ಹೊಸ ಕವಚದ ಭಾಗ ಸಂಖ್ಯೆಯ ಕೊನೆಯ ಅಕ್ಷರ ಹಳೆಯದಕ್ಕಿಂತ ಬೇರೆ ಇರುವುದನ್ನು ನೋಡಿದರೆ, ತಯಾರಕರು ವಿನ್ಯಾಸವನ್ನು ಸದ್ದಿಲ್ಲದೆ ತಿದ್ದಿರಬೇಕು ಎಂದು ನನ್ನ ಊಹೆ.

ಕೂಲಂಟಿನ ಬಗ್ಗೆ ಇನ್ನೊಂದು ಮಾತು. ಬಣ್ಣ ಒಂದೇ ಎಂದು ಅಂಗಡಿಯಲ್ಲಿ ಸಿಕ್ಕ ಕ್ಯಾನ್ ತಂದು ಸುರಿಯುವುದು ಸರಿಯಲ್ಲ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಪಾಲಿಸುವ ನಿಯಮವಿಲ್ಲ, ಒಳಗಿನ ರಾಸಾಯನಿಕ ಬೇರೆಯಾಗಿರಬಹುದು. ಕೈಪಿಡಿಯಲ್ಲಿ ಬರೆದದ್ದನ್ನೇ ಹಾಕಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಅನ್ನದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ತೀರಾ ಅನಿವಾರ್ಯವಾದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕುಡಿಯುವ ನೀರು ಹಾಕಿ ಊರು ಸೇರಿಕೊಂಡು, ಆಮೇಲೆ ಅದನ್ನೆಲ್ಲ ತೆಗೆಸಿ ಹೊಸದಾಗಿ ತುಂಬಿಸಬಹುದು.

ಇದೇ ಕಾರನ್ನು ಹಳೆಯದಾಗಿ ಕೊಳ್ಳಲು ಯೋಚಿಸುವವರು ಸರ್ವಿಸ್ ಇತಿಹಾಸವನ್ನು ಕೇಳಿ ಪಡೆದು, ಅದರಲ್ಲಿ "ಟಾಪ್ ಅಪ್" ಎಂಬ ಪದ ಎಷ್ಟು ಸಲ ಬಂದಿದೆಯೆಂದು ಎಣಿಸಲಿ. ಎರಡನೆಯ ಸಲ ಕಂಡರೆ ಬಿಸಿ ಎಂಜಿನ್ನಿನಲ್ಲಿ ಒತ್ತಡ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬಾರದು. ನಾನು ಹೆಚ್ಚುವರಿ ವಾರಂಟಿ ಕೊಂಡಿದ್ದೇನೆ, ಅದು 2026ರ ಆಗಸ್ಟ್‌ವರೆಗೆ ಇದೆ. ಅದು ಮುಗಿಯುವ ಮುನ್ನ ಅದೇ ಪರೀಕ್ಷೆಯನ್ನು ನನ್ನ ಕಾರಿಗೂ ಇನ್ನೊಮ್ಮೆ ಮಾಡಿಸಿ, ವಾಟರ್ ಪಂಪನ್ನೂ ಹೋಸ್ ಪೈಪುಗಳನ್ನೂ ನೋಡಿಸುವುದೆಂದು ನಿಶ್ಚಯಿಸಿದ್ದೇನೆ. ಆ ಹಿರಿಯ ಮೆಕ್ಯಾನಿಕ್ ಈಗ ಅಲ್ಲಿ ಕೆಲಸ ಬಿಟ್ಟು ಸ್ವಂತ ಗ್ಯಾರೇಜ್ ತೆರೆದಿದ್ದಾರೆ. ವಾರಂಟಿ ಮುಗಿದ ಮೇಲೆ ಕಾರು ಹೋಗುವುದು ಅಲ್ಲಿಗೇ.