ಬೀಮರ್ ಜೊತೆ ಏಳು ವರ್ಷ: ಅಕ್ಷರ ಕುಗ್ಗಿಸದ ಹಟಮಾರಿ

ನನ್ನ ಮೊದಲ ಕಾನ್ಫರೆನ್ಸ್ ಟಾಕ್ 15 ನಿಮಿಷದ್ದು. ಸ್ಲೈಡ್ 31. ಸಂಶೋಧನಾ ಪೇಪರ್ ಹೇಗೂ ಲೇಟೆಕ್‌ನಲ್ಲಿತ್ತು (ಸಮೀಕರಣ ತುಂಬಿದ ಬರಹಕ್ಕೆ ಬಳಸುವ ಸಾಫ್ಟ್‌ವೇರ್), ಸಮೀಕರಣಗಳನ್ನು ಮತ್ತೆ ಟೈಪ್ ಮಾಡುವ ಕಷ್ಟ ಯಾಕೆ ಅಂತ ಅದರಲ್ಲೇ ಸ್ಲೈಡ್ ಮಾಡಿಕೊಡುವ ಬೀಮರ್ ಹಿಡಿದೆ. ಪೇಪರ್‌ನ ಪ್ಯಾರಾಗಳನ್ನೇ ಎತ್ತಿ ಹಾಕಿ, ಎಡಕ್ಕೊಂದು ಚುಕ್ಕೆ ಇಟ್ಟು ಪಾಯಿಂಟ್ಸ್ ಮಾಡಿದೆ. 19ನೇ ಸ್ಲೈಡ್‌ಗೆ ಬರುವಷ್ಟರಲ್ಲಿ ಸೆಷನ್ ನಡೆಸುವ ಅಧ್ಯಕ್ಷರು ಸಮಯ ಮುಗಿಯಿತು ಅಂತ ಎದ್ದು ನಿಂತಿದ್ದರು. ಫಲಿತಾಂಶ ಇದ್ದಿದ್ದು 24ರಲ್ಲಿ.

ಅದಾಗಿ ಏಳು ವರ್ಷ. ಇವತ್ತಿಗೂ ಬೀಮರ್ ಬಿಟ್ಟಿಲ್ಲ. ಆದರೆ ಪೇಪರ್‌ನಿಂದ ಸಲೀಸಾಗಿ ಎತ್ತಿ ಹಾಕಬಹುದು ಅನ್ನೋದು ಇದರ ಅನುಕೂಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದರಲ್ಲಿರುವ ದೊಡ್ಡ ಗುಂಡಿಯೇ ಅದು.

ಗೊತ್ತಿಲ್ಲದವರಿಗೆ ಎರಡು ಮಾತು. ಬೀಮರ್ ಲೇಟೆಕ್‌ನ ಒಂದು ಕ್ಲಾಸ್, ಅಂದರೆ ಸ್ಲೈಡ್‌ಗಾಗಿ ಮಾಡಿಟ್ಟ ಸಿದ್ಧ ಅಚ್ಚು. ದುಡ್ಡು ಕೊಡಬೇಕಿಲ್ಲ. ಟೆಕ್ಸ್ಟ್ ಫೈಲ್ ಬರೆದು ಕಂಪೈಲ್ ಮಾಡಿದರೆ ಪಿಡಿಎಫ್ ಸ್ಲೈಡ್ ಬರುತ್ತದೆ. ಟಿಲ್ ಟಾಂಟೌ ಅನ್ನುವವರು 2003ರಲ್ಲಿ ತಮ್ಮ ಪಿಎಚ್‌ಡಿ ಟಾಕ್‌ಗಾಗಿ ಮಾಡಿಕೊಂಡಿದ್ದು. ಜರ್ಮನ್ ಆಡುಮಾತಿನಲ್ಲಿ ಬೀಮರ್ ಅಂದರೆ ಪ್ರೊಜೆಕ್ಟರ್.

ನನಗೆ ಇದು ಇಷ್ಟವಾಗಿರುವುದು ಇದರ ಹಟಕ್ಕೆ. ಸ್ಲೈಡ್‌ನ ಮೂಲ ಅಳತೆ ಬರೀ 128 ಮಿಲಿಮೀಟರ್ ಅಗಲ, 96 ಮಿಲಿಮೀಟರ್ ಎತ್ತರ. ಅಕ್ಷರ 11 ಪಾಯಿಂಟ್. ಅಂದರೆ ಜೇಬಿನ ಡೈರಿಯಷ್ಟು ಕಾಗದದ ಮೇಲೆ ಪುಸ್ತಕದ ಅಳತೆಯ ಅಕ್ಷರ. ಗೋಡೆ ಮೇಲೆ ಬಿದ್ದಾಗ ಹಿಂದಿನ ಸಾಲಿನವರಿಗೂ ಓದಲು ಬರುತ್ತದೆ. ಜಾಸ್ತಿ ತುಂಬಿದಿರೋ, ಅಕ್ಷರ ತಾನಾಗಿ ಚಿಕ್ಕದಾಗುವುದಿಲ್ಲ. ಕೊನೆಯ ಸಾಲು ಸ್ಲೈಡ್‌ನಿಂದ ಕೆಳಗೆ ಬಿದ್ದುಹೋಗುತ್ತದೆ, ಅಷ್ಟೇ. ಅಕ್ಷರ ಕುಗ್ಗಿಸುವ ಆಪ್ಷನ್ ಒಂದಿದೆ. ಆದರೆ ಒಂದೊಂದು ಸ್ಲೈಡ್‌ನಲ್ಲಿ ಒಂದೊಂದು ಅಳತೆ ಆಗುತ್ತದೆ, ಬಳಸಬೇಡಿ ಅಂತ ಮ್ಯಾನುಯಲ್ಲೇ ಬೈಯುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಸಾಲು ಬಿದ್ದರೆ ಯಾವುದನ್ನು ಹೊಡೆದುಹಾಕಲಿ ಅಂತ ನೋಡುತ್ತೇನೆ.

ಆ ಮ್ಯಾನುಯಲ್ ಬಗ್ಗೆ ಹೇಳಲೇಬೇಕು. ನೂರಾರು ಪುಟ ಇದೆ, ಪೂರ್ತಿ ಓದಿದವರನ್ನು ನಾನು ನೋಡಿಲ್ಲ. ಸ್ಲೈಡ್ ಹೇಗಿರಬೇಕು ಅನ್ನುವ ಒಂದು ಭಾಗ ಮಾತ್ರ ಓದಿ. ಒಂದು ಸ್ಲೈಡ್‌ಗೆ 20ರಿಂದ 40 ಪದ, ಹೆಚ್ಚೆಂದರೆ 80 ಅನ್ನುತ್ತದೆ. ಅಡಿಟಿಪ್ಪಣಿ ಬೇಡವೇ ಬೇಡ ಅನ್ನುತ್ತದೆ. ನನ್ನ ಹಳೆಯ ಸ್ಲೈಡ್ ಒಂದನ್ನು ಎಣಿಸಿದೆ. 137 ಪದ ಇತ್ತು!

ತಲೆಬರಹ ಬರೆಯುವ ರೀತಿಯೂ ಬದಲಾಯಿತು. ಮೊದಲೆಲ್ಲ ಫಲಿತಾಂಶ ಅಂತ ಒಂದೇ ಪದ ಹಾಕುತ್ತಿದ್ದೆ. ಅದರಿಂದ ಯಾರಿಗೆ ಏನು ತಿಳಿಯುತ್ತದೆ? ಈಗ ಪೂರ್ತಿ ವಾಕ್ಯ ಬರೆಯುತ್ತೇನೆ: ಡೇಟಾ ಅರ್ಧ ಮಾಡಿದರೂ ತಪ್ಪು ಹೆಚ್ಚಲಿಲ್ಲ. ಕೆಳಗೆ ಅದನ್ನು ತೋರಿಸುವ ಒಂದು ಗ್ರಾಫ್. ತಲೆಬರಹಕ್ಕೆ ವಾಕ್ಯವೇ ಸಿಗದಿದ್ದರೆ ಆ ಸ್ಲೈಡ್ ಬೇಕಿರಲಿಲ್ಲ ಅಂತಲೇ ಅರ್ಥ. ಎಷ್ಟೋ ಸ್ಲೈಡ್ ಹೀಗೇ ಹೋದವು.

ಗ್ರಾಫ್ ವಿಷಯಕ್ಕೆ ಬಂದರೆ ಬೀಮರ್ ನಿಮ್ಮನ್ನು ಕಾಪಾಡುವುದಿಲ್ಲ. ಪೇಪರ್‌ನ ಚಿತ್ರ ಒಂದು ಕಾಲಮ್ ಅಗಲಕ್ಕೆ, ಕೈಯಲ್ಲಿ ಹಿಡಿದು ಓದಲು ಮಾಡಿದ್ದು. ಅದನ್ನೇ ತಂದಿಟ್ಟರೆ ಅಕ್ಷದ ಮೇಲಿನ ಅಂಕಿಗಳು ಇರುವೆ ಸಾಲಿನ ಹಾಗೆ ಕಾಣುತ್ತವೆ. ನಾನು ಪ್ರತಿ ಗ್ರಾಫನ್ನೂ ಸ್ಲೈಡ್‌ಗೆ ಬೇರೆಯಾಗಿ ಮಾಡುತ್ತೇನೆ. ಗೆರೆ ದಪ್ಪ, ಅಂಕಿ ದೊಡ್ಡದು, ಏಳು ಗೆರೆ ಇದ್ದಲ್ಲಿ ಎರಡೇ. ಯಾವ ಗೆರೆ ಯಾವುದು ಅಂತ ಮೂಲೆಯ ಪಟ್ಟಿಯಲ್ಲಿ ಹುಡುಕಿಸುವುದಿಲ್ಲ, ಗೆರೆಯ ತುದಿಯಲ್ಲೇ ಹೆಸರು ಬರೆಯುತ್ತೇನೆ. ಕೆಂಪು ಹಸಿರು ಜೋಡಿ ಬಿಟ್ಟು ನೀಲಿ ಕಿತ್ತಳೆ ಹಿಡಿದೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಗಂಡಸರಲ್ಲಿ ಸಾಕಷ್ಟು ಜನ ಇರುತ್ತಾರೆ. ಅವರು ಎದ್ದು ಹೇಳುವುದಿಲ್ಲ, ಸುಮ್ನೆ ಕೂತಿರುತ್ತಾರೆ. ಹಳೆಯ ಪ್ರೊಜೆಕ್ಟರ್‌ನಲ್ಲಂತೂ ತಿಳಿ ಹಳದಿ ಮಾಯವೇ ಆಗಿಬಿಡುತ್ತದೆ.

ಥೀಮ್‌ಗಳಿಗೆ, ಅಂದರೆ ಸ್ಲೈಡ್‌ನ ಸಿದ್ಧ ವಿನ್ಯಾಸಗಳಿಗೆ, ಊರಿನ ಹೆಸರು: ವಾರ್ಸಾ, ಬರ್ಲಿನ್, ಮ್ಯಾಡ್ರಿಡ್. ವಾರ್ಸಾ ನೋಡಲು ಠೀವಿಯಾಗಿದೆ. ಆದರೆ ಮೇಲೆ ಅಧ್ಯಾಯಗಳ ಪಟ್ಟಿ, ಕೆಳಗೆ ನಿಮ್ಮ ಹೆಸರು ಮತ್ತು ಶೀರ್ಷಿಕೆ. ಇದ್ದ ಚೂರು ಜಾಗಕ್ಕೂ ಪಾಲುದಾರರು. ಪ್ರತಿ ಸ್ಲೈಡ್‌ನಲ್ಲೂ ನನ್ನ ಹೆಸರು ಯಾಕೆ ಬೇಕು, ಎದುರಿಗೇ ನಿಂತಿರುತ್ತೇನೆ ಅಲ್ವಾ? ಬಲ ಮೂಲೆಯಲ್ಲಿ ಪುಟ್ಟ ಬಾಣಗಳ ಗುಂಪೊಂದು ಬರುತ್ತದೆ, ಅದನ್ನು ಒತ್ತಿದವರನ್ನು ಇದುವರೆಗೆ ಕಂಡಿಲ್ಲ. ಒಂದೇ ಸಾಲಿನಲ್ಲಿ ತೆಗೆಯಬಹುದು. ಸ್ಲೈಡ್ ನಂಬರ್ ಮಾತ್ರ ಉಳಿಸಿಕೊಳ್ಳಿ. ಪ್ರಶ್ನೆ ಕೇಳುವವರು 12ನೆಯದಕ್ಕೆ ಹೋಗಿ ಅನ್ನಲು ಅದೇ ದಾರಿ.

ಕಿರಿಕಿರಿಗಳೂ ಇವೆ. ಪಾಸ್ (pause) ಅನ್ನುವ ಕಮಾಂಡ್ ಹಾಕಿ ಸಾಲುಗಳನ್ನು ಒಂದೊಂದಾಗಿ ತೋರಿಸಿದರೆ ಪ್ರತಿ ಹಂತವೂ ಪಿಡಿಎಫ್‌ನಲ್ಲಿ ಒಂದೊಂದು ಪುಟ. 14 ಸ್ಲೈಡ್ 50 ಪುಟವಾಗಿ, ಪ್ರಶ್ನೆ ಹೊತ್ತಿನಲ್ಲಿ ಹಿಂದಕ್ಕೆ ಹೋಗಲು ಕೀ ಕುಟ್ಟುತ್ತಾ ನಿಂತಿದ್ದೇನೆ. ಈಗ ಲೆಕ್ಕದ ಹಂತಗಳಿಗೆ ಬಿಟ್ಟರೆ ಪಾಸ್ ಬಳಸುವುದಿಲ್ಲ. ಕೋಡ್ ತೋರಿಸುವ ಸ್ಲೈಡ್‌ಗೆ ಫ್ರ್ಯಾಜೈಲ್ (fragile) ಅನ್ನುವ ಆಪ್ಷನ್ ಸೇರಿಸುವುದು ಮರೆತರೆ ಬರುವ ಎರರ್‌ಗೂ ತಪ್ಪಿಗೂ ಸಂಬಂಧವೇ ಇರುವುದಿಲ್ಲ. ಒಂದು ಬಾಕ್ಸನ್ನು ಚೂರು ಎಡಕ್ಕೆ ಸರಿಸಲು ಅರ್ಧ ಗಂಟೆ ಹೋದ ರಾತ್ರಿಗಳಿವೆ. ಲೇಟೆಕ್ ಬಾರದ ಸಹಲೇಖಕರಿದ್ದರೆ ತಿದ್ದುವ ಕೆಲಸವೆಲ್ಲ ನಿಮ್ಮ ತಲೆಗೇ.

ವಿಡಿಯೊ ಇದರಲ್ಲಿ ಕೂರಿಸಲು ಹೋಗಬೇಡಿ. ಒಂದು ಪಿಡಿಎಫ್ ರೀಡರ್‌ನಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡುವುದಿಲ್ಲ, ವೇದಿಕೆಯ ಕಂಪ್ಯೂಟರ್‌ನಲ್ಲಿ ಯಾವುದಿದೆಯೋ ಯಾರು ಬಲ್ಲರು. ನಾನು ಪಿಡಿಎಫ್‌ನಿಂದ ಹೊರಬಂದು ಬೇರೆ ಪ್ಲೇಯರ್‌ನಲ್ಲಿ ಹಾಕುತ್ತೇನೆ. ಅದು ತೆರೆದುಕೊಳ್ಳುವವರೆಗೆ ಒಂದು ಗುಟುಕು ನೀರು ಕುಡಿಯುತ್ತೇನೆ.